ಖರೀದಿ ದರ: ತಂತ್ರಾಂಶ ಹುಡುಕುತ್ತದೆ, ಮನುಷ್ಯರು ನಿರ್ಧರಿಸುತ್ತಾರೆ

ಇಂದು ಕಾರ್ಖಾನೆ, ಆಸ್ಪತ್ರೆ, ಹೋಟೆಲು ಯಾವುದೇ ಇರಲಿ, ಖರೀದಿ ಆದೇಶವನ್ನು ಕೈಯಲ್ಲಿ ಬರೆಯುವವರು ಕಡಿಮೆ. ಸ್ಟೋರ್ಸ್‌ನಿಂದ ಇಂಡೆಂಟ್ ಬರುತ್ತದೆ. ಖರೀದಿ ವಿಭಾಗದವರು ವಸ್ತುವಿನ ಕೋಡ್ ಹಾಕಿ, ಸರಬರಾಜುದಾರರ ಹೆಸರು ಆರಿಸಿ, ಎಷ್ಟು ಬೇಕೆಂದು ನಮೂದಿಸುತ್ತಾರೆ. ದರದ ಕಾಲಂ ತಾನಾಗಿ ತುಂಬಿಕೊಳ್ಳುತ್ತದೆ. ಆ ಅಂಕಿಯನ್ನು ನೋಡಿ ಮೇಲಿನವರು ಮಂಜೂರು ಮಾಡುತ್ತಾರೆ, ಅದರ ಆಧಾರದ ಮೇಲೆ ಬಿಲ್ ಪಾಸಾಗುತ್ತದೆ, ಕೊನೆಗೆ ಸಿದ್ಧವಸ್ತುವಿನ ವೆಚ್ಚದ ಲೆಕ್ಕಕ್ಕೂ ಅದೇ ಸೇರುತ್ತದೆ. ಅದು ಎಲ್ಲಿಂದ ಬಂತೆಂದು ಕೇಳಿದರೆ ಬಹುತೇಕ ಕಚೇರಿಗಳಲ್ಲಿ ಸಿಗುವ ಉತ್ತರ ಒಂದೇ: ‘ಸಿಸ್ಟಮ್‌ನಲ್ಲಿದೆ.’

ಈ ಉತ್ತರ ಸಾಲದು. ಖರೀದಿ ತಂತ್ರಾಂಶ ಯಾವ ವಸ್ತುವಿಗೂ ಬೆಲೆ ಕಟ್ಟುವುದಿಲ್ಲ. ಎಂದೋ ಯಾರೋ ತೆಗೆದುಕೊಂಡ ತೀರ್ಮಾನವನ್ನು, ಇನ್ಯಾರೋ ಹಾಕಿಕೊಟ್ಟ ಕ್ರಮದಲ್ಲಿ ಹುಡುಕಿ ತಂದಿಡುತ್ತದೆ, ಅಷ್ಟೆ. ಹಾಗಾಗಿ ದರ ಸರಿಯಿದೆಯೇ ಎಂದು ತಿಳಿಯಬೇಕಾದರೆ ಮೂರು ಸಂಗತಿ ಗೊತ್ತಿರಬೇಕು: ತೀರ್ಮಾನ ಯಾರದು, ಯಾವಾಗಿನದು, ಅದು ಉಳಿದ ದರಗಳನ್ನು ಹಿಂದಿಕ್ಕಿ ಮುಂದೆ ಬಂದದ್ದು ಹೇಗೆ. ಖರೀದಿ ದರದ ಇಡೀ ಪ್ರಶ್ನೆಯನ್ನು ಈ ಮೂರರ ಬೆಳಕಿನಲ್ಲಿ ನೋಡಬಹುದು.

ದರ ಇರುವ ತಾಣಗಳು

ಒಂದೇ ವಸ್ತುವಿಗೆ ಒಂದು ಸಂಸ್ಥೆಯ ಕಂಪ್ಯೂಟರಿನಲ್ಲಿ ಹಲವು ದರಗಳಿರುತ್ತವೆ. ಸರಬರಾಜುದಾರರು ಕಳುಹಿಸಿದ ಕೊಟೇಶನ್‌ನ ದರ ಒಂದು. ವರ್ಷಕ್ಕೋ ಎರಡು ವರ್ಷಕ್ಕೋ ಮಾಡಿಕೊಂಡ ರೇಟ್ ಕಾಂಟ್ರಾಕ್ಟ್‌ನ ದರ ಇನ್ನೊಂದು. ಇಂಥ ಸರಬರಾಜುದಾರರಿಂದ ಇಂಥ ವಸ್ತು ಇಷ್ಟಕ್ಕೆ ಎಂದು ಮಾಸ್ಟರ್ ದಾಖಲೆಯಲ್ಲಿ ಬರೆದಿಟ್ಟದ್ದು ಮೂರನೆಯದು. ಹಿಂದಿನ ಆದೇಶದಲ್ಲಿ ಕೊಟ್ಟ ದರ ನಾಲ್ಕನೆಯದು. ಗೋದಾಮಿನಲ್ಲಿರುವ ದಾಸ್ತಾನಿನ ಸರಾಸರಿ ಮೌಲ್ಯ ಐದನೆಯದು. ವರ್ಷದ ಬಜೆಟ್‌ಗಾಗಿ ಲೆಕ್ಕಪತ್ರ ವಿಭಾಗ ನಿಗದಿ ಮಾಡಿದ ಸ್ಟ್ಯಾಂಡರ್ಡ್ ದರ ಆರನೆಯದು. ಆದೇಶ ತಯಾರಿಸುವವರು ಕೈಯಾರೆ ಟೈಪ್ ಮಾಡುವುದು ಏಳನೆಯದು.

ಈ ಏಳರ ಸ್ವಭಾವ ಬೇರೆಬೇರೆ. ಕೊಟೇಶನ್ ಎಂದರೆ ಎದುರಿನವರು ಕೊಟ್ಟ ಮಾತು, ಅದಕ್ಕೆ ಅವಧಿಯಿದೆ. ಕಾಂಟ್ರಾಕ್ಟ್ ಇಬ್ಬರನ್ನೂ ಕಟ್ಟಿಹಾಕುವ ಒಪ್ಪಂದ. ಹಿಂದಿನ ಖರೀದಿ ದರ ಬರೀ ಚರಿತ್ರೆ, ಇವತ್ತು ಯಾರೂ ಅದಕ್ಕೆ ಬದ್ಧರಲ್ಲ. ದಾಸ್ತಾನಿನ ಸರಾಸರಿ ನಮ್ಮೊಳಗಿನ ಲೆಕ್ಕ, ಸರಬರಾಜುದಾರರಿಗೂ ಅದಕ್ಕೂ ಸಂಬಂಧವಿಲ್ಲ. ಪರದೆಯ ಮೇಲೆ ಮಾತ್ರ ಇವೆಲ್ಲ ಒಂದೇ ಅಕ್ಷರದಲ್ಲಿ, ಒಂದೇ ಕಾಲಂನಲ್ಲಿ ಕಾಣುತ್ತವೆ. ಒಪ್ಪಂದದ ಬಲವಿರುವ ದರಕ್ಕೂ ಊಹೆಯ ದರಕ್ಕೂ ನೋಟದಲ್ಲಿ ಭೇದವಿಲ್ಲದಿರುವುದೇ ಗೊಂದಲದ ಬೇರು.

ಹುಡುಕಾಟದ ಕ್ರಮ

ಏಳರಲ್ಲಿ ಯಾವುದು ಮೊದಲು? ಇದಕ್ಕೆ ಒಂದೊಂದು ತಂತ್ರಾಂಶ ಒಂದೊಂದು ಉತ್ತರ ಕೊಟ್ಟಿದೆ.

1972ರಲ್ಲಿ ಜರ್ಮನಿಯಲ್ಲಿ ಶುರುವಾದ ಸ್ಯಾಪ್ ಕಂಪನಿಯ ವ್ಯವಸ್ಥೆಯಲ್ಲಿ ದರವನ್ನು ಒಂದೇ ಅಂಕಿಯಾಗಿ ಇಡುವುದಿಲ್ಲ. ಮೂಲ ದರ, ರಿಯಾಯಿತಿ, ಸಾಗಣೆ, ಸುಂಕ ಹೀಗೆ ಪ್ರತಿಯೊಂದೂ ಒಂದೊಂದು ‘ಕಂಡಿಶನ್’. ಮೂಲ ದರ ಬೇಕಾದಾಗ ಅದು ನಿಗದಿತ ಸರಣಿಯಲ್ಲಿ ಹುಡುಕುತ್ತದೆ. ಕಾಂಟ್ರಾಕ್ಟ್ ಇದೆಯೇ, ಅದರಲ್ಲೂ ಈ ಘಟಕಕ್ಕೆಂದೇ ದರವಿದೆಯೇ ಎಂದು ಮೊದಲು ನೋಡುತ್ತದೆ. ಇಲ್ಲದಿದ್ದರೆ ವಸ್ತು ಮತ್ತು ಸರಬರಾಜುದಾರರನ್ನು ಜೋಡಿಸುವ ‘ಇನ್ಫೋ ರೆಕಾರ್ಡ್’ಗೆ ಹೋಗುತ್ತದೆ; ಅಲ್ಲೂ ಘಟಕದ ದರ ಮೊದಲು, ಸಾಮಾನ್ಯ ದರ ಆಮೇಲೆ. ಅಲ್ಲಿಯೂ ಚಾಲ್ತಿಯ ದರ ಸಿಗದಿದ್ದರೆ ಹಿಂದಿನ ಆದೇಶದ ದರವನ್ನು ಮುಂದಿಡಬಲ್ಲದು. ಹಾಗೆ ಮುಂದಿಡಬೇಕೋ ಬೇಡವೋ ಎಂಬುದನ್ನು ಪ್ರತಿ ಬಳಕೆದಾರರ ಸೆಟ್ಟಿಂಗ್‌ನಲ್ಲಿ ಬೇರೆಬೇರೆಯಾಗಿ ಇಡಬಹುದು. ಹೀಗಾಗಿ ಒಂದೇ ಕಚೇರಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರು ಒಂದೇ ವಸ್ತುವಿಗೆ ಆದೇಶ ತಯಾರಿಸಿದರೆ ಒಬ್ಬರಿಗೆ ದರ ತುಂಬಿ ಬರುತ್ತದೆ, ಇನ್ನೊಬ್ಬರಿಗೆ ಕಾಲಂ ಖಾಲಿ ಇರುತ್ತದೆ. ಇಬ್ಬರ ಕೆಲಸದಲ್ಲೂ ತಪ್ಪಿಲ್ಲ, ವ್ಯತ್ಯಾಸವಿರುವುದು ಸೆಟ್ಟಿಂಗ್‌ನಲ್ಲಿ. ಇದೇ ವ್ಯವಸ್ಥೆಯಲ್ಲಿ ಇಂಡೆಂಟ್‌ನ ಮೌಲ್ಯ ಸಾಮಾನ್ಯವಾಗಿ ವಸ್ತುವಿನ ಮಾಸ್ಟರ್‌ನಲ್ಲಿರುವ ದಾಸ್ತಾನು ದರದಿಂದ ಬರುತ್ತದೆ. ಇಂಡೆಂಟ್‌ಗೆ ಸಿಕ್ಕ ಮಂಜೂರಾತಿ ಒಂದು ಮೊತ್ತಕ್ಕೆ, ಆದೇಶ ಹೊರಡುವುದು ಇನ್ನೊಂದು ಮೊತ್ತಕ್ಕೆ ಆಗುವುದು ಈ ಕಾರಣದಿಂದ.

ಬೆಲ್ಜಿಯಂ ಮೂಲದ ಓಡೂ ತಂತ್ರಾಂಶದಲ್ಲಿ ಪ್ರತಿ ವಸ್ತುವಿನ ಜೊತೆ ಸರಬರಾಜುದಾರರ ದರಪಟ್ಟಿ ಇರುತ್ತದೆ: ಕನಿಷ್ಠ ಪ್ರಮಾಣ, ದರ, ಕರೆನ್ಸಿ, ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ. ಆದೇಶದ ಪ್ರಮಾಣಕ್ಕೂ ದಿನಾಂಕಕ್ಕೂ ಹೊಂದುವ ಸಾಲನ್ನು ಅದು ಆರಿಸುತ್ತದೆ. ಆ ಸರಬರಾಜುದಾರರ ಹೆಸರು ವಸ್ತುವಿನ ಪಟ್ಟಿಯಲ್ಲಿ ಇಲ್ಲದಿದ್ದರೆ, ಆದೇಶ ಖಚಿತವಾದ ಕೂಡಲೇ ಅದನ್ನು ಆ ದರದ ಸಮೇತ ತಾನೇ ಸೇರಿಸಿಕೊಳ್ಳುತ್ತದೆ.

ಮುಂಬೈನ ಫ್ರಾಪೆ ಕಂಪನಿ ಕಟ್ಟಿದ ಮುಕ್ತ ತಂತ್ರಾಂಶ ಇಆರ್‌ಪಿನೆಕ್ಸ್ಟ್‌ನಲ್ಲಿ ಖರೀದಿಯ ದರಪಟ್ಟಿ, ಅದರ ಮೇಲೆ ರಿಯಾಯಿತಿಯ ನಿಯಮಗಳು, ಕೊನೆಯ ಖರೀದಿ ದರ ಎಲ್ಲಕ್ಕೂ ಬೇರೆಬೇರೆ ಜಾಗವಿದೆ. ದರಪಟ್ಟಿಯಲ್ಲಿ ವಸ್ತುವಿನ ದರ ಇಲ್ಲದಿದ್ದರೆ, ವಹಿವಾಟಿನಲ್ಲಿ ಹಾಕಿದ್ದನ್ನೇ ಪಟ್ಟಿಗೆ ಸೇರಿಸಿಕೊಳ್ಳುವ ಆಯ್ಕೆಯೂ ಇದೆ. ಆದೇಶ, ಸರಕು ಸ್ವೀಕೃತಿ, ಬಿಲ್ ಈ ಮೂರರಲ್ಲೂ ಒಂದೇ ದರವಿರಬೇಕೆಂದು ಕಡ್ಡಾಯ ಮಾಡಬಹುದು. ಮೀರಿದರೆ ತಡೆಯಬೇಕೋ ಎಚ್ಚರಿಸಿದರೆ ಸಾಕೋ ಎಂಬುದನ್ನೂ ಸಂಸ್ಥೆಯೇ ಆರಿಸಿಕೊಳ್ಳಬೇಕು. 1986ರಲ್ಲಿ ಶುರುವಾಗಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಬೆಳೆದ, ದೇಶದ ಸಣ್ಣ ಅಂಗಡಿ-ಕಾರ್ಖಾನೆಗಳ ಮನೆಮಾತಾದ ಟ್ಯಾಲಿಯಲ್ಲಿ ವಸ್ತುವಿಗೆ ಸ್ಟ್ಯಾಂಡರ್ಡ್ ದರವನ್ನು ಜಾರಿಯ ದಿನಾಂಕದೊಂದಿಗೆ ಕೊಟ್ಟರೆ ಖರೀದಿ ವೋಚರ್‌ನಲ್ಲಿ ಅದು ಮೊದಲೇ ಬಂದು ಕೂರುತ್ತದೆ.

ದರವನ್ನು ತಾನಾಗಿ ಮಾಸ್ಟರ್‌ಗೆ ಸೇರಿಸಿಕೊಳ್ಳುವ ಸೌಲಭ್ಯದ ಬಗ್ಗೆ ತುಸು ನಿಂತು ಯೋಚಿಸಬೇಕು. ರಾತ್ರಿ ಪಾಳಿಯಲ್ಲಿ ಯಂತ್ರ ನಿಂತಿದೆ, ಬೇರಿಂಗ್ ತುರ್ತಾಗಿ ಬೇಕು. ಹತ್ತಿರದ ಅಂಗಡಿಯಿಂದ ಕೇಳಿದಷ್ಟು ಕೊಟ್ಟು ತರುತ್ತಾರೆ. ಆ ಹೊತ್ತಿಗೆ ಅದು ಸರಿಯಾದ ತೀರ್ಮಾನ. ತುರ್ತಿನ ಆ ದರ ಮಾಸ್ಟರ್‌ಗೆ ಸೇರಿಕೊಂಡರೆ ಮುಂದಿನ ಎಲ್ಲ ಆದೇಶಗಳಿಗೂ ಅದೇ ಮಾದರಿಯಾಗುತ್ತದೆ. ಒಂದು ರಾತ್ರಿಯ ಅಗತ್ಯ ವರ್ಷಗಟ್ಟಲೆ ದರವಾಗಿ ಉಳಿದುಬಿಡುತ್ತದೆ. ಸಂದರ್ಭವನ್ನು ಕಳಚಿ ಅಂಕಿಯನ್ನು ಮಾತ್ರ ಉಳಿಸಿಕೊಳ್ಳುವುದು ಈ ಇಡೀ ವ್ಯವಸ್ಥೆಯ ದೊಡ್ಡ ಅಪಾಯ.

ಪ್ರಮಾಣ, ಅಳತೆ, ದಿನಾಂಕ

ದರ ಸಿಕ್ಕಿತೆಂದುಕೊಂಡರೂ ಲೆಕ್ಕ ಮುಗಿಯುವುದಿಲ್ಲ. ಹೆಚ್ಚು ಕೊಂಡರೆ ಕಡಿಮೆ ದರ ಎಂಬ ಮೆಟ್ಟಿಲು ದರಗಳನ್ನೇ ನೋಡಿ. 1ರಿಂದ 99ರವರೆಗೆ ತಲಾ ₹210, ನೂರು ಅಥವಾ ಅದಕ್ಕಿಂತ ಹೆಚ್ಚಾದರೆ ₹195 ಎಂದಿರಲಿ. 95 ಕೊಂಡರೆ ₹19,950, 100 ಕೊಂಡರೆ ₹19,500. ಐದು ಹೆಚ್ಚು ಕೊಂಡರೂ ₹450 ಕಡಿಮೆ! ಇಂಡೆಂಟ್‌ನಲ್ಲಿ 95 ಇದೆಯೆಂದು 95ಕ್ಕೇ ಆದೇಶ ಹೊರಡಿಸುವ ತಂತ್ರಾಂಶ ನಿಯಮದ ಪ್ರಕಾರ ಸರಿಯಾಗಿಯೇ ನಡೆದುಕೊಂಡಿರುತ್ತದೆ, ಸಂಸ್ಥೆಗೆ ನಷ್ಟವನ್ನೂ ಮಾಡಿರುತ್ತದೆ. ಇನ್ನೊಂದು ಬಗೆಯ ಮೆಟ್ಟಿಲಿನಲ್ಲಿ ಮೊದಲ 99ಕ್ಕೆ ಹಳೆಯ ದರವೇ ಉಳಿದು, ಮೇಲಿನದಕ್ಕೆ ಮಾತ್ರ ಹೊಸ ದರ. ಕಾಂಟ್ರಾಕ್ಟ್‌ನಲ್ಲಿ ಯಾವ ಬಗೆ ಬರೆದಿದೆ, ತಂತ್ರಾಂಶದಲ್ಲಿ ಯಾವ ಬಗೆ ಹಾಕಿದ್ದಾರೆ ಎಂಬುದನ್ನು ತಾಳೆ ನೋಡದಿದ್ದರೆ ಪ್ರತಿ ಬಿಲ್‌ನಲ್ಲೂ ಜಗಳ ಬರುತ್ತದೆ. ವರ್ಷವಿಡೀ ಸೇರಿ ಇಷ್ಟು ಕೊಂಡರೆ ಇಷ್ಟು ವಾಪಸ್ ಎಂಬ ರಿಯಾಯಿತಿಯಂತೂ ಆದೇಶದ ದರದಲ್ಲಿ ಕಾಣುವುದೇ ಇಲ್ಲ. ವರ್ಷದ ಕೊನೆಗೆ ಕ್ರೆಡಿಟ್ ನೋಟ್ ಆಗಿ ಬರುತ್ತದೆ.

ಅಳತೆಯ ತೊಡಕು ಇನ್ನೂ ಸೂಕ್ಷ್ಮ. ಸ್ಟೀಲ್ ಪೈಪನ್ನು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಸ್ಟೋರ್ಸ್‌ನಲ್ಲಿ ಇಡುವುದು ಮೀಟರ್ ಲೆಕ್ಕದಲ್ಲಿ. ಸ್ಕ್ರೂ, ವಾಷರ್‌ಗಳ ದರ ಸಾವಿರಕ್ಕೆ ಇಷ್ಟೆಂದು. ಸಾವಿರದ ದರ ಒಂದರ ದರವಾಗಿ ನಮೂದಾದರೆ ತಪ್ಪು ಎದ್ದು ಕಾಣುತ್ತದೆ, ಯಾರಾದರೂ ಹಿಡಿಯುತ್ತಾರೆ. ಕಿಲೋದಿಂದ ಮೀಟರ್‌ಗೆ ಪರಿವರ್ತಿಸುವ ಗುಣಕದಲ್ಲಿ ಶೇ. 3ರಷ್ಟು ವ್ಯತ್ಯಾಸವಿದ್ದರೆ ಅದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಸೋರುತ್ತದೆ.

ದಿನಾಂಕದ ವಿಷಯದಲ್ಲಿ ಕೇಳಬೇಕಾದದ್ದು ಇಷ್ಟು: ಆದೇಶದ ದಿನದ ದರವೋ, ಸರಕು ಬಂದ ದಿನದ ದರವೋ? ಮಾರ್ಚ್‌ನಲ್ಲಿ ಆದೇಶ ಕೊಟ್ಟು ಜೂನ್‌ನಲ್ಲಿ ಸರಕು ಬರುವ ಖರೀದಿಯಲ್ಲಿ, ಏಪ್ರಿಲ್ 1ರಿಂದ ಹೊಸ ದರ ಜಾರಿಯಾದರೆ ಈ ಪ್ರಶ್ನೆಗೆ ಹಣದ ತೂಕ ಬರುತ್ತದೆ. ದೊಡ್ಡ ತಂತ್ರಾಂಶಗಳಲ್ಲಿ ದರ ಯಾವ ದಿನಾಂಕದ್ದಿರಬೇಕೆಂದು ಸರಬರಾಜುದಾರರ ಮಟ್ಟದಲ್ಲೇ ಹೇಳಿಡಬಹುದು. ವಿದೇಶಿ ಖರೀದಿಯಲ್ಲಿ ಆದೇಶದ ದಿನದ ವಿನಿಮಯ ದರ, ಸುಂಕ ಲೆಕ್ಕಕ್ಕೆ ಸರ್ಕಾರ ಪ್ರಕಟಿಸುವ ವಿನಿಮಯ ದರ, ಹಣ ಪಾವತಿಯಾದ ದಿನದ ಬ್ಯಾಂಕ್ ದರ ಮೂರೂ ಬೇರೆ. ಒಂದೇ ಡಾಲರ್ ಮೊತ್ತಕ್ಕೆ ಮೂರು ರೂಪಾಯಿ ಮೊತ್ತಗಳು ಹುಟ್ಟಿಕೊಳ್ಳುತ್ತವೆ.

ಬಾಗಿಲಿಗೆ ತಲುಪಿದ ಬೆಲೆ

ಕೊಟೇಶನ್‌ನಲ್ಲಿ ಕಡಿಮೆ ಇದ್ದದ್ದು ಕೈಸೇರುವಾಗ ಹೆಚ್ಚಾಗಿರಬಹುದು. ಲೆಕ್ಕಪತ್ರದ ಮಾನದಂಡ ಇಂಡ್ ಎಎಸ್ 2 ಈ ವಿಷಯದಲ್ಲಿ ಸ್ಪಷ್ಟವಾಗಿದೆ: ದಾಸ್ತಾನಿನ ಖರೀದಿ ವೆಚ್ಚವೆಂದರೆ ಖರೀದಿ ಬೆಲೆ, ಆಮದು ಸುಂಕ, ಮರಳಿ ಸಿಗದ ತೆರಿಗೆ, ಸಾಗಣೆ ಮತ್ತು ನಿರ್ವಹಣೆಯ ಖರ್ಚು ಎಲ್ಲ ಸೇರಿ, ಅದರಿಂದ ವ್ಯಾಪಾರಿ ರಿಯಾಯಿತಿ ಕಳೆದದ್ದು. ‘ಮರಳಿ ಸಿಗದ ತೆರಿಗೆ’ ಎಂಬ ಷರತ್ತು ನಮ್ಮ ದೇಶದಲ್ಲಿ ಎಷ್ಟು ಮುಖ್ಯವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಒಂದೇ ಊರಿನಲ್ಲಿ ಇಬ್ಬರು ಸರಬರಾಜುದಾರರು. ಮೊದಲನೆಯವರ ದರ ₹100, ಮೇಲೆ ಶೇ. 18 ಜಿಎಸ್‌ಟಿ, ಸಾಗಣೆ ನಮ್ಮದೇ, ತಲಾ ₹4. ಎರಡನೆಯವರು ಜಿಎಸ್‌ಟಿಯ ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿ. ಬಿಲ್‌ನಲ್ಲಿ ತೆರಿಗೆ ಹಾಕುವಂತಿಲ್ಲ, ಬಾಗಿಲಿಗೆ ತಲುಪಿಸಿ ₹108 ಕೇಳುತ್ತಾರೆ. ಕೊಳ್ಳುವವರು ಜಿಎಸ್‌ಟಿ ಕಟ್ಟುವ ಕಾರ್ಖಾನೆಯವರಾದರೆ ಮೊದಲನೆಯವರ ₹18 ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ನಿಜವಾದ ವೆಚ್ಚ ₹104. ಮೊದಲನೆಯವರೇ ಅಗ್ಗ. ಕೊಳ್ಳುವುದು ಆಸ್ಪತ್ರೆಯಾದರೆ, ಚಿಕಿತ್ಸಾ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಆ ಕ್ರೆಡಿಟ್ ಸಿಗುವುದಿಲ್ಲ. ಮೊದಲನೆಯವರ ವೆಚ್ಚ ₹122ಕ್ಕೆ ಏರುತ್ತದೆ. ಎರಡನೆಯವರು ₹14 ಅಗ್ಗವಾಗುತ್ತಾರೆ. ಕೊಟೇಶನ್‌ಗಳು ಅವೇ, ಗೆದ್ದವರು ಬೇರೆ. ದರಗಳ ತುಲನಾ ಪಟ್ಟಿಯನ್ನು ಮೂಲ ದರದ ಮೇಲೆ ಮಾತ್ರ ತಯಾರಿಸುವ ತಂತ್ರಾಂಶ ಆಸ್ಪತ್ರೆಗೆ ತಪ್ಪು ಸಲಹೆ ಕೊಡುತ್ತದೆ. ತೆರಿಗೆ ಸೇರಿದ ಒಟ್ಟು ಮೊತ್ತವನ್ನು ಕಣ್ಣುಮುಚ್ಚಿ ಹೋಲಿಸುವ ತಂತ್ರಾಂಶ ಕಾರ್ಖಾನೆಗೆ ತಪ್ಪು ಸಲಹೆ ಕೊಡುತ್ತದೆ.

ಸಾಗಣೆ, ವಿಮೆ, ಬಂದರಿನ ಶುಲ್ಕಗಳ ಬಿಲ್ಲುಗಳು ಸರಕು ಬಂದ ಎಷ್ಟೋ ದಿನಗಳ ಮೇಲೆ ಬರುತ್ತವೆ. ಇವನ್ನು ವಸ್ತುಗಳ ಮೇಲೆ ಹಂಚಲು ಇಆರ್‌ಪಿನೆಕ್ಸ್ಟ್‌ನಲ್ಲಿ ಪ್ರತ್ಯೇಕ ವೋಚರ್ ಇದೆ. ಟ್ಯಾಲಿಯಲ್ಲಿ ಪ್ರಮಾಣದ ಮೇಲೋ ಮೌಲ್ಯದ ಮೇಲೋ ಹಂಚುವ ಸೌಲಭ್ಯವಿದೆ. ಈ ಆಯ್ಕೆಯೂ ಸಣ್ಣದಲ್ಲ. ಒಂದೇ ಲಾರಿಯಲ್ಲಿ ದುಬಾರಿ ಎಲೆಕ್ಟ್ರಾನಿಕ್ ಬಿಡಿಭಾಗವೂ ಅಗ್ಗದ ಥರ್ಮೋಕೋಲೂ ಬಂದರೆ, ಮೌಲ್ಯದ ಮೇಲೆ ಹಂಚಿದಾಗ ಜಾಗವನ್ನೆಲ್ಲ ತಿಂದ ಥರ್ಮೋಕೋಲಿಗೆ ಬಾಡಿಗೆಯೇ ತಾಗುವುದಿಲ್ಲ.

ಸ್ಪರ್ಧೆ ಕಟ್ಟುವ ದರ

ಇಲ್ಲಿಯವರೆಗಿನದು ಇದ್ದ ದರವನ್ನು ಹುಡುಕುವ ಮಾತು. ಹೊಸ ದರ ಹುಟ್ಟುವುದು ಬಹುಮಟ್ಟಿಗೆ ಸ್ಪರ್ಧೆಯಲ್ಲಿ: ಕೊಟೇಶನ್ ಕರೆಯುವುದು, ಮುಚ್ಚಿದ ಟೆಂಡರ್, ಆನ್‌ಲೈನ್ ರಿವರ್ಸ್ ಹರಾಜು. ಸರಬರಾಜುದಾರರು ಪರದೆಯ ಮುಂದೆ ಕೂತು ದರ ಇಳಿಸುತ್ತ ಹೋಗುವ ರಿವರ್ಸ್ ಹರಾಜನ್ನು ವಾಣಿಜ್ಯ ಜಗತ್ತಿನಲ್ಲಿ ಬಳಕೆಗೆ ತಂದದ್ದರಲ್ಲಿ 1995ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸ್ಥಾಪನೆಯಾದ ಫ್ರೀಮಾರ್ಕೆಟ್ಸ್ ಕಂಪನಿಯ ಪಾಲು ದೊಡ್ಡದು. 2004ರಲ್ಲಿ ಅದನ್ನು ಅರಿಬಾ ಕೊಂಡಿತು, 2012ರಲ್ಲಿ ಅರಿಬಾವನ್ನು ಸ್ಯಾಪ್ ಕೊಂಡಿತು.

ಹರಾಜಿನಲ್ಲಿ ದರ ಎಲ್ಲಿ ನಿಲ್ಲುತ್ತದೆ? ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರ ಪ್ರಬಂಧದಲ್ಲಿ ಕಟ್ಟಿಕೊಟ್ಟ ತರ್ಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅವರಿಗೆ 1996ರಲ್ಲಿ ನೊಬೆಲ್ ಸಂದಿತು. ಮೂವರು ಸ್ಪರ್ಧಿಗಳಿಗೆ ಒಂದು ಕೆಲಸಕ್ಕೆ ತಗಲುವ ವೆಚ್ಚ ಕ್ರಮವಾಗಿ ₹80, ₹92, ₹97 ಎಂದುಕೊಳ್ಳಿ. ಇಳಿಯುವ ಹರಾಜಿನಲ್ಲಿ ₹97ಕ್ಕೆ ಒಬ್ಬರು ನಿಲ್ಲುತ್ತಾರೆ, ₹92ಕ್ಕೆ ಇನ್ನೊಬ್ಬರು. ಮೊದಲನೆಯವರು ₹80ರವರೆಗೆ ಇಳಿಯುವ ಅಗತ್ಯವೇ ಇಲ್ಲ, ₹92ರ ತುಸು ಕೆಳಗೆ ಗೆದ್ದುಬಿಡುತ್ತಾರೆ. ದರವನ್ನು ನಿರ್ಧರಿಸುವುದು ಎರಡನೆಯ ಸ್ಥಾನದಲ್ಲಿರುವವರ ವೆಚ್ಚ. ಆದ್ದರಿಂದ ಖರೀದಿದಾರರ ಶ್ರಮ ಹೋಗಬೇಕಾದದ್ದು ಗಟ್ಟಿಯಾದ ಎರಡನೆಯ, ಮೂರನೆಯ ಸರಬರಾಜುದಾರರನ್ನು ಬೆಳೆಸುವುದಕ್ಕೆ. ಸ್ಪರ್ಧಿಗಳೇ ಇಲ್ಲದ ಕಡೆ ಎಷ್ಟು ದುಬಾರಿ ಹರಾಜು ವೇದಿಕೆ ತಂದರೂ ದರ ಇಳಿಯದು.

ಅತಿಯಾಗಿ ಇಳಿದರೂ ಕಷ್ಟವೇ. ಮೆಕ್ಸಿಕೊ ಕೊಲ್ಲಿಯ ತೈಲ ಗುತ್ತಿಗೆಗಳ ಹರಾಜಿನ ಅನುಭವದಿಂದ ಕೇಪನ್, ಕ್ಲಾಪ್, ಕ್ಯಾಂಬೆಲ್ ಎಂಬ ಮೂವರು ಎಂಜಿನಿಯರುಗಳು 1971ರಲ್ಲಿ ತೋರಿಸಿದ್ದು ಇದನ್ನೇ: ಮೌಲ್ಯ ಯಾರಿಗೂ ನಿಖರವಾಗಿ ಗೊತ್ತಿಲ್ಲದ ಹರಾಜಿನಲ್ಲಿ ಗೆಲ್ಲುವವರು ಸಾಮಾನ್ಯವಾಗಿ ಅತಿ ಆಶಾವಾದದ ಅಂದಾಜು ಮಾಡಿದವರು. ಖರೀದಿಯಲ್ಲಿ ಇದರ ಅರ್ಥ, ಅತಿ ಕಡಿಮೆ ದರ ಕೂಗಿದವರು ತಮ್ಮ ವೆಚ್ಚವನ್ನು ಕಡಿಮೆ ಅಂದಾಜಿಸಿರುವ ಸಂಭವ ಹೆಚ್ಚು. ಅರ್ಧದಲ್ಲಿ ಕೆಲಸ ಬಿಡುವುದು, ಗುಣಮಟ್ಟ ಇಳಿಸುವುದು, ಹೆಚ್ಚುವರಿ ಬಿಲ್ ಹಾಕುವುದು ಇದರ ಫಲಗಳು.

ಸರ್ಕಾರಿ ಖರೀದಿಯಲ್ಲಿ ಈ ಪ್ರಶ್ನೆಗೆ ಕಾನೂನಿನ ಚೌಕಟ್ಟಿದೆ. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅದರಡಿ ರಾಜ್ಯದ ಇ-ಟೆಂಡರ್ ವ್ಯವಸ್ಥೆ. ಕೇಂದ್ರದಲ್ಲಿ 2016ರ ಆಗಸ್ಟ್‌ನಲ್ಲಿ ಶುರುವಾದ ಸರ್ಕಾರಿ ಇ-ಮಾರುಕಟ್ಟೆ, ಜೆಮ್. ಜೆಮ್‌ನಲ್ಲಿ ಸಣ್ಣ ಮೊತ್ತಕ್ಕೆ ನೇರ ಖರೀದಿ, ಅದಕ್ಕೂ ಹೆಚ್ಚಾದರೆ ವೇದಿಕೆಯಲ್ಲಿರುವ ದರಗಳ ಹೋಲಿಕೆ, ದೊಡ್ಡ ಮೊತ್ತಕ್ಕೆ ಬಿಡ್ ಅಥವಾ ರಿವರ್ಸ್ ಹರಾಜು. ಎಲ್ಲ ಕಡೆ ಎಲ್-1, ಅಂದರೆ ಅರ್ಹರಲ್ಲಿ ಅತಿ ಕಡಿಮೆ ದರದವರು, ಎಂಬುದೇ ಮುಖ್ಯ ಸೂತ್ರ. ಆ ಸೂತ್ರಕ್ಕೂ ತಿದ್ದುಪಡಿಗಳು ಬಂದಿವೆ. 2012ರ ಕೇಂದ್ರ ಖರೀದಿ ನೀತಿಯ ಪ್ರಕಾರ ಎಲ್-1 ದರಕ್ಕಿಂತ ಶೇ. 15ರೊಳಗೆ ಹೆಚ್ಚು ಕೂಗಿದ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳು ಎಲ್-1 ದರಕ್ಕೆ ಇಳಿಯಲು ಒಪ್ಪಿದರೆ ಅವಕ್ಕೆ ಪಾಲು ಸಿಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳು ಕಾಮಗಾರಿ ಮತ್ತು ಕೆಲವು ಸೇವೆಗಳಲ್ಲಿ ಗುಣಮಟ್ಟಕ್ಕೆ ಶೇ. 30ರವರೆಗೆ ಅಂಕ ಕೊಡಲು ದಾರಿ ಮಾಡಿದವು. ಕಡಿಮೆ ದರ ಒಂದೇ ಸಾಲದೆಂದು ಸರ್ಕಾರವೂ ಒಪ್ಪಿಕೊಂಡ ಹಾಗಾಯಿತು.

ಮಾಸ್ಟರ್ ದರ ಎಂಬ ಕಲ್ಪನೆಯೇ ಹೊಂದದ ಖರೀದಿಗಳೂ ಇವೆ. ಬೇಳೆ ಮಿಲ್‌ನವರು, ಎಣ್ಣೆ ಮಿಲ್‌ನವರು ಎಪಿಎಂಸಿಯಲ್ಲಿ ಕೊಳ್ಳುವ ತೊಗರಿ, ಶೇಂಗಾದ ದರ ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಜಾರಿಗೆ ತಂದು ಈ ಲಾಟ್‌ಗಳಿಗೆ ಆನ್‌ಲೈನ್‌ನಲ್ಲಿ ದರ ಕೂಗುವ ವ್ಯವಸ್ಥೆ ಮಾಡಿತು. ತೇವಾಂಶ, ಕಾಳಿನ ಗಾತ್ರ, ಕಸದ ಪ್ರಮಾಣ ನೋಡಿ ಪ್ರತಿ ಲಾಟ್‌ಗೂ ಹೊಸದಾಗಿ ಬೆಲೆ ಕಟ್ಟಬೇಕಾದ ಮಿಲ್‌ನವರಿಗೆ, ಹಿಂದಿನ ದರವನ್ನು ಮುಂದಿಡುವ ತಂತ್ರಾಂಶದಿಂದ ಸಹಾಯಕ್ಕಿಂತ ಅಡ್ಡಿಯೇ ಹೆಚ್ಚು.

ಸೂತ್ರ ಕಟ್ಟುವ ದರ

ತಾಮ್ರ, ಅಲ್ಯೂಮಿನಿಯಂ, ಉಕ್ಕು ಹೆಚ್ಚಿರುವ ವಸ್ತುಗಳಿಗೆ ವರ್ಷಪೂರ್ತಿ ಒಂದೇ ದರ ಕಟ್ಟಿದರೆ ಇಬ್ಬರಲ್ಲಿ ಒಬ್ಬರು ಮುಳುಗುತ್ತಾರೆ. ಅದಕ್ಕಾಗಿ ಕಾಂಟ್ರಾಕ್ಟ್‌ನಲ್ಲಿ ದರದ ಬದಲು ಸೂತ್ರ ಬರೆಯುತ್ತಾರೆ. ಉದಾಹರಣೆಗೆ ಮೂಲ ದರ ₹1,000, ಅದರಲ್ಲಿ ಶೇ. 15 ಸ್ಥಿರ, ಶೇ. 55 ಲೋಹ, ಶೇ. 30 ಕೂಲಿ. ಲೋಹದ ಸೂಚ್ಯಂಕ ಶೇ. 10, ಕೂಲಿಯದು ಶೇ. 5 ಏರಿದರೆ ಹೊಸ ದರ ₹150, ₹605, ₹315 ಕೂಡಿ ₹1,070. ಟ್ರಾನ್ಸ್‌ಫಾರ್ಮರ್, ಕೇಬಲ್‌ಗಳ ಖರೀದಿಯಲ್ಲಿ ವಿದ್ಯುತ್ ಉಪಕರಣ ತಯಾರಕರ ಸಂಘ ಐಇಇಎಂಎ ಪ್ರಕಟಿಸುವ ಸೂತ್ರ ಮತ್ತು ಸುತ್ತೋಲೆಗಳು, ಲೋಹಗಳಿಗೆ ಲಂಡನ್ ಮೆಟಲ್ ಎಕ್ಸ್‌ಚೇಂಜ್ ದರ, ಇತರೆಡೆ ಸಗಟು ಬೆಲೆ ಸೂಚ್ಯಂಕ ಆಧಾರ.

ಇಲ್ಲಿಯೂ ಒಂದು ಸಣ್ಣ ಸಾಲು ದೊಡ್ಡ ಮೊತ್ತವನ್ನು ತಿರುಗಿಸುತ್ತದೆ. ಯಾವ ತಿಂಗಳ ಸೂಚ್ಯಂಕ, ತಾತ್ಕಾಲಿಕವೋ ಅಂತಿಮವೋ ಎಂಬುದು ಒಂದು ಪ್ರಶ್ನೆ. ಮೂಲ ವರ್ಷ ಬದಲಾದರೆ ಏನು ಮಾಡಬೇಕೆಂಬುದು ಇನ್ನೊಂದು. 2017ರ ಮೇ ತಿಂಗಳಲ್ಲಿ ಸಗಟು ಬೆಲೆ ಸೂಚ್ಯಂಕದ ಮೂಲ ವರ್ಷ 2004–05ರಿಂದ 2011–12ಕ್ಕೆ ಸರಿಯಿತು. ಎಲ್ಲ ಸರಕುಗಳ ಸೂಚ್ಯಂಕಕ್ಕೆ ಜೋಡಣೆಯ ಗುಣಕ 1.561 ಎಂದು ಪ್ರಕಟವಾಯಿತು. ಆ ಗುಣಕ ಹಾಕದೆ ಹೊಸ ಅಂಕಿಯನ್ನು ಹಳೆಯ ಅಂಕಿಯಿಂದ ಭಾಗಿಸಿದರೆ ಬೆಲೆ ಏರಿದ್ದರೂ ಸೂತ್ರ ಇಳಿಕೆಯನ್ನು ತೋರಿಸುತ್ತದೆ. ಬಹಳ ಕಡೆ ಈ ಲೆಕ್ಕ ಈಗಲೂ ತಂತ್ರಾಂಶದ ಹೊರಗೆ, ಯಾರದೋ ಎಕ್ಸೆಲ್ ಹಾಳೆಯಲ್ಲಿ ನಡೆಯುತ್ತದೆ. ಆದೇಶಕ್ಕೆ ಬರುವುದು ಅದರ ಕೊನೆಯ ಅಂಕಿ ಮಾತ್ರ. ಆ ಹಾಳೆ ಮಾಡಿದವರು ಕೆಲಸ ಬಿಟ್ಟು ಹೋದ ದಿನ ದರದ ಕಾರಣವೂ ಅವರ ಜೊತೆ ಹೋಗುತ್ತದೆ.

ಬಿಲ್ ಬಂದ ಮೇಲೆ

ಆದೇಶ, ಸರಕು ಸ್ವೀಕೃತಿ, ಬಿಲ್ ಮೂರನ್ನೂ ತಾಳೆ ನೋಡುವುದು ಖರೀದಿ ತಂತ್ರಾಂಶದ ಅತಿ ದೊಡ್ಡ ಉಪಕಾರ. ಒಪ್ಪಿದ ದರಕ್ಕಿಂತ ಬಿಲ್ ದರ ಹೆಚ್ಚಿದ್ದರೆ ಪಾವತಿ ತಡೆಯುತ್ತದೆ. ಆದರೆ ತಾಳೆ ಹೇಳುವುದು ಬಿಲ್ ಆದೇಶಕ್ಕೆ ಹೊಂದುತ್ತದೆ ಎಂಬುದನ್ನಷ್ಟೆ. ಆದೇಶದ ದರವೇ ತಪ್ಪಿದ್ದರೆ ತಪ್ಪು ಬಿಲ್ ಸಲೀಸಾಗಿ ಪಾಸಾಗುತ್ತದೆ. ಸಹಿಸಬಹುದಾದ ವ್ಯತ್ಯಾಸದ ಮಿತಿಯನ್ನು ಶೇಕಡಾವಾರು ಮಾತ್ರ ಇಟ್ಟರೆ ದೊಡ್ಡ ಬಿಲ್‌ಗಳಲ್ಲಿ ದೊಡ್ಡ ಮೊತ್ತ ನುಸುಳುತ್ತದೆ. ಶೇ. 2ರ ಮಿತಿ ಹತ್ತು ಸಾವಿರದ ಬಿಲ್‌ಗೆ ₹200, ಹತ್ತು ಲಕ್ಷದ ಬಿಲ್‌ಗೆ ₹20,000. ಶೇಕಡಾವಾರು ಮಿತಿಯ ಜೊತೆ ರೂಪಾಯಿಯ ಮಿತಿಯೂ ಇರಬೇಕು.

ದಾಸ್ತಾನಿಗೆ ಯಾವ ದರ ಎಂಬುದರಲ್ಲಿ ಎರಡು ದಾರಿ. ಚಲಿಸುವ ಸರಾಸರಿಯಾದರೆ ಪ್ರತಿ ಖರೀದಿಯೊಂದಿಗೆ ದಾಸ್ತಾನಿನ ದರ ಬದಲಾಗುತ್ತದೆ. ಸ್ಟ್ಯಾಂಡರ್ಡ್ ದರವಾದರೆ ಅದು ಸ್ಥಿರ. ₹50ರ ಸ್ಟ್ಯಾಂಡರ್ಡ್ ಇರುವ ವಸ್ತುವನ್ನು ₹52ರಂತೆ ಸಾವಿರ ಕೊಂಡರೆ ₹2,000 ವ್ಯತ್ಯಾಸದ ಖಾತೆಗೆ ಹೋಗುತ್ತದೆ. ಖರೀದಿ ವಿಭಾಗದ ಸಾಧನೆಯನ್ನು ಎಷ್ಟೋ ಸಂಸ್ಥೆಗಳು ಅಳೆಯುವುದು ಈ ಖಾತೆಯಿಂದಲೇ. ಇದರಿಂದ ವಿಚಿತ್ರ ಒತ್ತಡಗಳು ಹುಟ್ಟುತ್ತವೆ. ವರ್ಷದ ಆರಂಭದಲ್ಲಿ ಸ್ಟ್ಯಾಂಡರ್ಡ್ ದರವನ್ನು ಎತ್ತರಕ್ಕೆ ಇಟ್ಟರೆ ವರ್ಷವಿಡೀ ಉಳಿತಾಯ ಕಾಣುತ್ತದೆ. ಬೇಡದಷ್ಟು ಕೊಂಡು ದರ ಇಳಿಸಿದರೂ ಉಳಿತಾಯ ಕಾಣುತ್ತದೆ, ಗೋದಾಮು ಮಾತ್ರ ತುಂಬುತ್ತದೆ. ಯಾವುದಕ್ಕೆ ಹೋಲಿಸಿ ಉಳಿಸಿದರು ಎಂದು ಕೇಳದೆ ಉಳಿತಾಯದ ಲೆಕ್ಕವನ್ನು ಒಪ್ಪಬಾರದು.

ಸಣ್ಣ ಸರಬರಾಜುದಾರರ ಕಡೆಯಿಂದ

ದರದ ಚರ್ಚೆ ಬಹುತೇಕ ಕೊಳ್ಳುವವರ ಕಡೆಯಿಂದಲೇ ನಡೆಯುತ್ತದೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್ ಇಂಥ ಕಡೆ ಲೇತು, ಫೌಂಡ್ರಿ ನಡೆಸುತ್ತ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರ ಕಡೆಯಿಂದ ನೋಡಿದರೆ ಬೇರೆಯೇ ಸಂಗತಿಗಳು ಎದುರಾಗುತ್ತವೆ. ಅವರಿಗೆ ದರದಷ್ಟೇ ಮುಖ್ಯ, ಹಣ ಯಾವಾಗ ಬರುತ್ತದೆ ಎಂಬುದು. ಶೇ. 12ರ ಬಡ್ಡಿಗೆ ಸಾಲ ತಂದು ಕೆಲಸ ಮಾಡುವವರಿಗೆ 90 ದಿನ ತಡವಾಗಿ ಬರುವ ₹100, ಇವತ್ತಿನ ಸುಮಾರು ₹97ಕ್ಕೆ ಸಮ. ತೆಳುವಾದ ಲಾಭದ ಮೇಲೆ ನಿಂತ ಜಾಬ್ ವರ್ಕ್‌ನಲ್ಲಿ ಆ ಮೂರು ರೂಪಾಯಿಯೇ ಜೀವ. ತುಲನಾ ಪಟ್ಟಿಯಲ್ಲಿ ಪಾವತಿಯ ಅವಧಿ ಒಂದು ಷರಾ ಆಗಿ ಉಳಿಯುತ್ತದೆ, ದರಕ್ಕೆ ಸೇರುವುದಿಲ್ಲ.

ಕಾನೂನು ಈ ಕಡೆ ಗಮನ ಹರಿಸಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅತಿಸಣ್ಣ ಮತ್ತು ಸಣ್ಣ ಸರಬರಾಜುದಾರರಿಗೆ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕೆನ್ನುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ 43ಬಿ(ಎಚ್) ಕಲಮು ಆ ಅವಧಿ ಮೀರಿದ ಬಾಕಿಯನ್ನು, ನಿಜವಾಗಿ ಪಾವತಿಸುವವರೆಗೆ ಖರ್ಚೆಂದು ತೋರಿಸಲು ಬಿಡುವುದಿಲ್ಲ. ಹಾಗಾದಾಗ ಸರಬರಾಜುದಾರರು ಯಾವ ವರ್ಗದವರೆಂಬ ಮಾಹಿತಿ ಖರೀದಿ ತಂತ್ರಾಂಶದ ಮಾಸ್ಟರ್‌ನಲ್ಲಿ ಸರಿಯಾಗಿರುವುದು ದರದ ಲೆಕ್ಕದ ಭಾಗವೇ ಆಯಿತು.

ಇನ್ನೊಂದು ನೋವಿನ ಸಂಗತಿ ಹಿಂದಿನ ದಿನಾಂಕದಿಂದ ದರ ಇಳಿಸುವುದು. ಸರಕು ಕೊಟ್ಟು, ಬಿಲ್ ಆಗಿ, ತೆರಿಗೆ ಕಟ್ಟಿದ ಮೇಲೆ ಹೊಸ ದರವನ್ನು ಹಿಂದಿನ ತಿಂಗಳಿಂದ ಜಾರಿ ಮಾಡಿ ಡೆಬಿಟ್ ನೋಟ್ ಕಳುಹಿಸುತ್ತಾರೆ. ಕಚ್ಚಾವಸ್ತುವಿನ ಸೂತ್ರದ ಪ್ರಕಾರ ನಡೆದರೆ ಅದು ನ್ಯಾಯ. ಏರಿದಾಗಲೂ ಅಷ್ಟೇ ಚುರುಕಾಗಿ ಹಿಂದಿನಿಂದ ಕೊಟ್ಟರೆ ಮಾತ್ರ ನ್ಯಾಯ. ದಿನಾಂಕ ತಿದ್ದುವ ಅಧಿಕಾರ ಒಂದೇ ಕಡೆಯವರ ಕೈಯಲ್ಲಿರುವಾಗ, ಯಾರು ಯಾವಾಗ ತಿದ್ದಿದರು ಎಂಬ ದಾಖಲೆ ಇನ್ನೊಂದು ಕಡೆಯವರಿಗೂ ಕಾಣಬೇಕು.

ಯಂತ್ರದ ಚೌಕಾಸಿ

ಕೃತಕ ಬುದ್ಧಿಮತ್ತೆ ಈಗ ಚೌಕಾಸಿಗೂ ಇಳಿದಿದೆ. ವಾಲ್‌ಮಾರ್ಟ್ ಕಂಪನಿ ಎಸ್ಟೋನಿಯಾ ಮೂಲದ ಪ್ಯಾಕ್ಟಮ್‌ನ ಚಾಟ್‌ಬಾಟ್ ಮೂಲಕ ಸಾವಿರಾರು ಸರಬರಾಜುದಾರರ ಪೈಕಿ ಮನುಷ್ಯರು ಕೂತು ಮಾತಾಡಲು ಆಗದವರ ಜೊತೆ ದರ ಮತ್ತು ಪಾವತಿಯ ಅವಧಿ ಕುರಿತು ಮಾತುಕತೆ ನಡೆಸಿದ್ದು ಇದಕ್ಕೆ ಹೆಸರಾದ ಉದಾಹರಣೆ. ಹಿಂದೆ ಯಾರೂ ವಿಚಾರಿಸದ ಸಣ್ಣ ಕಾಂಟ್ರಾಕ್ಟ್‌ಗಳಿಗೂ ಇದರಿಂದ ಗಮನ ಸಿಗುತ್ತದೆ. ಆದರೆ ‘ಈ ವಸ್ತುವಿಗೆ ಇಷ್ಟು ದರ ನ್ಯಾಯ’ ಎಂದು ಯಂತ್ರ ಹೇಳುವಾಗ ಅದು ಕಲಿತದ್ದು ನಮ್ಮ ಹಿಂದಿನ ಆದೇಶಗಳಿಂದಲೇ. ತುರ್ತಿನ ರಾತ್ರಿಯ ಬೇರಿಂಗ್ ದರ, ತಪ್ಪು ಗುಣಕ, ಎತ್ತರಿಸಿದ ಸ್ಟ್ಯಾಂಡರ್ಡ್ ಎಲ್ಲವೂ ಆ ಕಲಿಕೆಯಲ್ಲಿ ಸೇರಿರುತ್ತವೆ. ಕಾರಣವಿಲ್ಲದ ಅಂಕಿಗಳಿಂದ ಕಲಿತ ಯಂತ್ರ ಕಾರಣ ಹೇಳಲಾರದು.

ಕೇಳಬೇಕಾದದ್ದು

ಈ ಎಲ್ಲ ದಾರಿಗಳೂ ಒಂದು ಅಗತ್ಯದ ಕಡೆಗೆ ಬೆರಳು ಮಾಡುತ್ತವೆ. ಪರದೆಯ ಮೇಲೆ ದರ ಕಂಡಲ್ಲಿ ಅದರ ಮೂಲವೂ ಕಾಣಬೇಕು: ಕಾಂಟ್ರಾಕ್ಟ್‌ನದೋ, ಕೊಟೇಶನ್‌ನದೋ, ಹಿಂದಿನ ಖರೀದಿಯದೋ, ಕೈಯಾರೆ ಹಾಕಿದ್ದೋ. ಅದರ ಅವಧಿ ಮುಗಿಯುವ ದಿನಾಂಕ ಇರಬೇಕು. ಕೈಯಾರೆ ಬದಲಿಸಿದರೆ ಕಾರಣ ಬರೆಯದೆ ಮುಂದೆ ಹೋಗಬಾರದು. ತುರ್ತು ಖರೀದಿಯ ದರ ಮಾಸ್ಟರ್‌ಗೆ ತಾನಾಗಿ ಸೇರಬಾರದು. ಹುಡುಕಾಟದ ಕ್ರಮವನ್ನು ಒಂದು ಪುಟದಲ್ಲಿ ಬರೆದು ಖರೀದಿ, ಸ್ಟೋರ್ಸ್, ಲೆಕ್ಕಪತ್ರ, ಲೆಕ್ಕಪರಿಶೋಧನೆ ನಾಲ್ಕೂ ವಿಭಾಗದವರು ಓದಿರಬೇಕು. ತಂತ್ರಾಂಶವನ್ನು ಅಳವಡಿಸುವಾಗ ಸಲಹೆಗಾರರು ಅವಸರದಲ್ಲಿ ಆರಿಸಿಟ್ಟ ಸೆಟ್ಟಿಂಗ್‌ಗಳನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು, ಏಕೆಂದರೆ ಸಂಸ್ಥೆಯ ಖರೀದಿ ನೀತಿ ಕಡತದಲ್ಲಿ ಏನೇ ಇರಲಿ, ದಿನವೂ ಜಾರಿಯಾಗುತ್ತಿರುವ ನೀತಿ ಆ ಸೆಟ್ಟಿಂಗ್‌ಗಳೇ.

ಇದಾವುದಕ್ಕೂ ಹೊಸ ತಂತ್ರಾಂಶ ಬೇಕಿಲ್ಲ. ಇರುವ ತಂತ್ರಾಂಶಗಳಲ್ಲಿ ಇದರಲ್ಲಿ ಹೆಚ್ಚಿನದಕ್ಕೆ ಅವಕಾಶವಿದೆ. ಬಳಸುವ ಮನಸ್ಸು ಬೇಕು. ತೆರಿಗೆದಾರರ ಹಣದಲ್ಲಿ ಕೊಳ್ಳುವ ಇಲಾಖೆಗೂ, ಲಾಭಕ್ಕಾಗಿ ನಡೆಯುವ ಕಂಪನಿಗೂ, ಅವರಿಬ್ಬರಿಗೆ ಸರಕು ಕೊಟ್ಟು ಬದುಕುವ ಸಣ್ಣ ಘಟಕಕ್ಕೂ ಇದರಲ್ಲಿ ಸಮಾನ ಹಿತವಿದೆ. ಕಡಿಮೆ ದರವನ್ನು ಯಾರಾದರೂ ಒಮ್ಮೆ ಗಿಟ್ಟಿಸಬಹುದು. ಕಾರಣ ಹೇಳಬಲ್ಲ ದರ ಮಾತ್ರ ಲೆಕ್ಕಪರಿಶೋಧಕರ ಮುಂದೆಯೂ ಸರಬರಾಜುದಾರರ ಮುಂದೆಯೂ ವರ್ಷಗಳ ಕಾಲ ನಿಲ್ಲುತ್ತದೆ. ಮುಂದಿನ ಸಲ ‘ಸಿಸ್ಟಮ್‌ನಲ್ಲಿದೆ’ ಎಂಬ ಉತ್ತರ ಬಂದಾಗ ಸಹಿ ಹಾಕುವ ಮೊದಲು ಕೇಳಿ: ಸಿಸ್ಟಮ್‌ಗೆ ಅದನ್ನು ಹಾಕಿದವರು ಯಾರು, ಯಾವ ದಿನ, ಯಾವ ಆಧಾರದ ಮೇಲೆ?